ಕೆಂಪು ಗುಂಡಿಯ ಚೀಲ

"ಆಕಾಶವೇ ಕಳಚಿ ಬೀಳಲಿ ಮೇಡಮ್, ನನ್ನ ಹತ್ರ ಅದಕ್ಕೂ ಒಂದು ಪ್ರತಿ ಇರುತ್ತೆ."

ಜೋಪಾನಯ್ಯನವರು ಮ್ಯಾನೇಜರಮ್ಮನ ಮೇಜಿನ ಮುಂದೆ ನಿಂತು ಹೀಗೆ ಎದೆ ತಟ್ಟಿಕೊಂಡ ದಿನವೇ ಈ ಕಥೆ ಶುರುವಾಯಿತು ಎನ್ನಬೇಕು.

ಜೋಪಾನಯ್ಯ ಎಂಬುದು ಅವರ ಹೆಸರಲ್ಲ. ಬಾಯಿ ಬಿಟ್ಟರೆ ಜೋಪಾನ ಎನ್ನುತ್ತಿದ್ದರಿಂದ ಕಚೇರಿ ಕಟ್ಟಿದ ಬಿರುದು. ಚಹಾ ತಂದವರಿಗೆ ಜೋಪಾನ, ಮೆಟ್ಟಿಲಿಳಿಯುವವರಿಗೆ ಜೋಪಾನ, ಮದುವೆಯ ಕರೆಯೋಲೆ ಕೊಡಲು ನಾಚಿಕೊಂಡು ಬಂದ ಸಹೋದ್ಯೋಗಿಗೂ ಅಕ್ಷತೆಯ ಮೊದಲೇ "ಜೋಪಾನ ಕಣಯ್ಯ". ಬಿರುದು ಅಂಟಿಕೊಂಡ ಮೇಲೆ ಹೆಸರಿನ ಕೆಲಸವೇ ಮುಗಿಯಿತು. ಮನೆಯವರೂ ಹಾಗೇ ಕರೆಯತೊಡಗಿದರು.

ಕಂಪನಿಯದು ಲಿಫ್ಟುಗಳನ್ನು ಸರಿಮಾಡುವ ಕೆಲಸ. ಊರಿನ ಒಂದೊಂದು ಲಿಫ್ಟಿಗೂ ಒಂದೊಂದು ನಕ್ಷೆ: ಯಾವ ತಂತಿ ಎಲ್ಲಿಂದ ಎಲ್ಲಿಗೆ, ಯಾವ ಬ್ರೇಕನ್ನು ಹೇಗೆ ಬಿಡಿಸಬೇಕು, ಎಲ್ಲವೂ ಅದರಲ್ಲಿ. ಹಿಂದೆ ಅವು ಕಾಗದದ ಸುರುಳಿಗಳಾಗಿದ್ದವು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿನ ದಾಖಲೆ ವ್ಯವಸ್ಥೆಗೆ ತುಂಬಿದ ಮೇಲೆ ಕಾಗದಗಳು ರದ್ದಿಗೆ ಹೋದವು. ಆ ವ್ಯವಸ್ಥೆಯನ್ನು ಎಲ್ಲರೂ ಸಿಸ್ಟಮ್ಮು ಎನ್ನುತ್ತಿದ್ದರು. ಅದರ ಬ್ಯಾಕಪ್ಪಿನ ಹೊಣೆ, ಮೇಲಿನ ಮಹಡಿಯ ಒಂದು ಪುಟ್ಟ ಕೋಣೆಯ ಸಮೇತ, ಜೋಪಾನಯ್ಯನವರದು.

ಆಫ್‌ಲೈನ್ ಪ್ರತಿ ಎಂದರೇನು ಎಂದು ಯಾರಾದರೂ ಕೇಳಿಬಿಟ್ಟರೆ ಅವರಿಗೆ ಹಬ್ಬ. "ನೋಡಿ, ಸಿಸ್ಟಮ್ಮಲ್ಲಿ ಇರೋದು ತಟ್ಟೇಲಿರೋ ಅನ್ನ. ಎಲ್ಲರೂ ಕೈ ಹಾಕ್ತಾರೆ, ಒಬ್ಬರಾದ್ರೂ ಚೆಲ್ತಾರೆ. ಆಫ್‌ಲೈನ್ ಪ್ರತಿ ಅಂದ್ರೆ ಅಟ್ಟದ ಮೇಲಿಟ್ಟ ಅಕ್ಕಿ. ಯಾವ ತಂತಿಗೂ ಸಿಕ್ಕಿಸಲ್ಲ, ಯಾರ ಕೈಗೂ ಕೊಡಲ್ಲ. ತಟ್ಟೆ ಮಗುಚಿದ ದಿನ ಅದೇ ಗತಿ."

ಅಂಥ ಅಕ್ಕಿಯ ಮೂಟೆಗಳು ಎರಡಿದ್ದವು. ಎರಡೂ ದಪ್ಪ ಪುಸ್ತಕದಷ್ಟು ದೊಡ್ಡ ಕಪ್ಪು ಡಿಸ್ಕುಗಳು. ಒಂದು ಅವರ ಕೋಣೆಯ ಕಬ್ಬಿಣದ ಬೀರುವಿನಲ್ಲಿ, ಇನ್ನೊಂದು ಊರಾಚೆ ಕಂಪನಿಯ ಗೋದಾಮಿನಲ್ಲಿ. ಕಚೇರಿಗೆ ಬೆಂಕಿ ಬಿದ್ದರೂ ಒಂದು ಪ್ರತಿ ಹೊರಗಿರಬೇಕು ಎಂಬುದು ನಿಯಮ. ತಿಂಗಳಿಗೊಮ್ಮೆ ಬೀರುವಿನದನ್ನು ಒರೆಸಿ, ಹೊಸ ಪ್ರತಿ ಬರೆದು ಹೊರಗೆ ಕಳಿಸಿ, ಹೊರಗಿನದನ್ನು ಒಳಗೆ ತರುವುದು ಪದ್ಧತಿ.

ಗೋದಾಮು ಮುಚ್ಚಿತು. ಮ್ಯಾನೇಜರಮ್ಮ ಒಂದು ಹೊರಗಿನ ಕಂಪನಿಯ ಹೆಸರು ಎತ್ತಿದರು. ಬ್ಯಾಕಪ್ಪು, ಡಿಸ್ಕು, ಬೀರು ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರಂತೆ. ಕೋಣೆ ಖಾಲಿಯಾದರೆ ಅಲ್ಲಿ ಕುರ್ಚಿಗಳನ್ನಿಡಬಹುದಂತೆ.

ಜೋಪಾನಯ್ಯನವರಿಗೆ ಕಣ್ಣು ಕತ್ತಲಿಟ್ಟಿತು. ಆ ಕೋಣೆ ಇಲ್ಲದ ಜೋಪಾನಯ್ಯನನ್ನು ಅವರು ಊಹಿಸಿಕೊಂಡು ನೋಡಿದರು. ಏನೂ ಕಾಣಿಸಲಿಲ್ಲ. ಆಕಾಶ ಕಳಚಿ ಬೀಳುವ ಮಾತು ಬಂದದ್ದು ಆಗಲೇ. "ಹೊರಗಿನ ಪ್ರತಿ ನಮ್ಮ ಮನೇಲಿರುತ್ತೆ ಮೇಡಮ್. ನಮ್ಮನೆ ಮನೆಯಲ್ಲ, ಕೋಟೆ."

"ಸರಿ, ನೋಡೋಣ. ಒಂದು ದಿನ ಪರೀಕ್ಷೆ ಮಾಡ್ತೀನಿ. ಒಂದು ಕಡತ ಅಳಿಸ್ತೀವಿ, ನಿಮ್ಮ ಮನೆ ಡಿಸ್ಕಿಂದ ವಾಪಸ್ ತರಬೇಕು. ಬಂತೋ, ಕೋಣೆ ನಿಮ್ಮದು. ಬರಲಿಲ್ವೋ, ಕುರ್ಚಿಗಳದ್ದು" ಎಂದರು ಮ್ಯಾನೇಜರಮ್ಮ.

ಕೋಟೆಯಲ್ಲಿದ್ದ ಸೈನ್ಯ ಇಷ್ಟು: ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷೀನಿಟ್ಟುಕೊಂಡು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿಯುವ ಹೆಂಡತಿ, ಹಿಂದಿನ ಕೋಣೆಯಲ್ಲಿ ಕತ್ತುನೋವನ್ನು ಸಾಕಿಕೊಂಡು ಕೂತಿದ್ದ ತಾಯಿ. ಜೋಪಾನಯ್ಯನವರು ಡಿಸ್ಕಿನ ಅಳತೆಗೆ ಹತ್ತಿ ತುಂಬಿದ ಚೀಲ ಹೊಲಿಯಲು ಹೇಳಿದರು. ಒಂದಲ್ಲ, ನಾಲ್ಕು.

"ಡಿಸ್ಕು ಒಂದೇ ಅಲ್ವೇನ್ರೀ?"

"ಕಳ್ಳ ಬಂದ್ರೆ?"

"ನಮ್ಮನೆಗೆ ಬರೋ ಕಳ್ಳ ಪಾಪ, ಏನಾದ್ರೂ ಇಟ್ಟು ಹೋಗ್ಬೇಕು ಅಷ್ಟೆ."

ಹೆಂಡತಿಯ ಈ ಮಾತನ್ನು ಅವರು ಸೈನಿಕರ ಅಜ್ಞಾನವೆಂದು ಕ್ಷಮಿಸಿದರು. ಬಡಗಿಯ ಬಳಿ ಹೋಗಿ ಡಿಸ್ಕಿನ ಅಳತೆಯ, ಹೆಚ್ಚುಕಡಿಮೆ ಅದೇ ತೂಕದ ಮೂರು ಮರದ ತುಂಡುಗಳನ್ನು ಮಾಡಿಸಿ ತಂದರು. ಒಂದು ಚೀಲದಲ್ಲಿ ಅಸಲಿ, ಮೂರರಲ್ಲಿ ಮರ. ನಾಲ್ಕು ಚೀಲವೂ ಒಂದೇ ಬಣ್ಣ, ಒಂದೇ ಹೊಲಿಗೆ. ಗುಂಡಿ ಮಾತ್ರ ಬೇರೆ: ಮೂರಕ್ಕೆ ಬಿಳಿ, ಒಂದಕ್ಕೆ ಕೆಂಪು. ಯಾವ ಚೀಲಕ್ಕೆ ಯಾವ ಗುಂಡಿ ಎಂದು ಹೇಳಿ ಹೊಲಿಸಿಕೊಂಡರು. ಯಾಕೆ ಎಂದು ಹೇಳಲಿಲ್ಲ.

"ಕೆಂಪು ಗುಂಡಿ ಯಾಕ್ರೀ ಒಂದಕ್ಕೇ?"

"ಚಂದಕ್ಕೆ" ಎಂದರು ಜೋಪಾನಯ್ಯನವರು, ರಾಜ್ಯದ ಗುಟ್ಟನ್ನು ಗಂಟಲಲ್ಲಿ ಹಿಡಿದುಕೊಂಡು.

ಆಮೇಲೆ ಮನೆಯವರಿಗೆ ಶಾಸನಗಳು ಹೊರಟವು. ಚೀಲ ಬಿಚ್ಚಕೂಡದು, ದೂಳು ಹೋಗುತ್ತದೆ. ಒಳಗಿನದನ್ನು ಮುಟ್ಟಕೂಡದು, ಕೈಯ ಬೆವರು ತಾಗುತ್ತದೆ. ಅಲುಗಿಸಕೂಡದು, ಡಿಸ್ಕಿನ ಜೀವ ಹೂವಿನಂಥದ್ದು. ಕೆಂಪು ಗುಂಡಿಯದನ್ನು ಕಂಬಳಿಗಳ ಬೀರುವಿನಲ್ಲಿಟ್ಟು, ಉಳಿದವನ್ನು ಮನೆಯ ಮೂರು ಮೂಲೆಗೆ ಹಂಚಿದರು. ಸಿಸ್ಟಮ್ಮಿನಲ್ಲಿ 'ಪ್ರತಿ ಇಟ್ಟ ಸ್ಥಳ' ಎಂದು ಒಂದು ಖಾನೆ ಇತ್ತು. ಅದರಲ್ಲಿ 'ಗೌಪ್ಯ' ಎಂದು ಬರೆದು, ಅದನ್ನು ನೋಡಿ ತಾವೇ ಒಂದು ಗಳಿಗೆ ಹೆಮ್ಮೆಪಟ್ಟರು.

ಲೋಕದ ಪ್ರತಿಯೊಂದಕ್ಕೂ ಎರಡನೆಯ ಪ್ರತಿ ಇಟ್ಟವರು ಆ ಗುಟ್ಟಿಗೆ ಮಾತ್ರ ಇಟ್ಟಿರಲಿಲ್ಲ. ಅದು ಇದ್ದದ್ದು ಅವರ ತಲೆಯೊಂದರಲ್ಲೇ.

ಪರೀಕ್ಷೆಯ ಬೆಳಿಗ್ಗೆ ಜೋಪಾನಯ್ಯನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೆಂಪು ಗುಂಡಿಯ ಚೀಲವನ್ನು ಹಸುಗೂಸಿನಂತೆ ಎದೆಗವಚಿಕೊಂಡು ಬಸ್ಸು ಹತ್ತಿದರು. ಯಾರೋ ಎದ್ದು ಸೀಟು ಬಿಟ್ಟುಕೊಟ್ಟರಂತೆ. ಕಚೇರಿಯ ಲಿಫ್ಟನ್ನು ಅವರು ನಂಬುತ್ತಿರಲಿಲ್ಲ. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಕಂಪನಿಯ ಸ್ವಂತ ಲಿಫ್ಟು ಜಾಲರಿ ಬಾಗಿಲಿನ ಮುದಿ ಪೆಟ್ಟಿಗೆ, ಮನಸ್ಸಾದರೆ ಹೋಗುವುದು, ಇಲ್ಲದಿದ್ದರೆ ಅಡ್ಡ ನಿಲ್ಲುವುದು. ದೀಪದ ಬುಡ ಕತ್ತಲು. ಅವರು ಚೀಲ ಹೊತ್ತು ಮೆಟ್ಟಿಲು ಹತ್ತಿದರು.

ಮೇಲೆ ಮ್ಯಾನೇಜರಮ್ಮ, ಅವರ ಪಕ್ಕದಲ್ಲಿ ಹೊರಗಿನ ಕಂಪನಿಯಿಂದ ಬಂದ ಟೈ ಕಟ್ಟಿದವರು, ಬಾಗಿಲಲ್ಲಿ ಅರ್ಧ ಕಚೇರಿ.

"ಯಾವ ಕಡತ ಅಳಿಸೋಣ?"

"ಈ ಕಟ್ಟಡದ ಲಿಫ್ಟಿನದೇ ಅಳಿಸಿ. ಅದರಷ್ಟು ಹಳೇದು ಬೇರೆ ಇಲ್ಲ" ಎಂದರು ಜೋಪಾನಯ್ಯನವರು.

ಮ್ಯಾನೇಜರಮ್ಮ ಅಳಿಸಿದರು. "ಇದು ಕಸದ ಬುಟ್ಟೀಲಿ ಇರುತ್ತಲ್ವಾ, ಬೇಕಾದ್ರೆ ಅಲ್ಲಿಂದ..."

"ಬುಟ್ಟಿಯನ್ನೂ ಖಾಲಿ ಮಾಡಿ ಮೇಡಮ್. ಈಜು ಬರುತ್ತೆ ಅಂದವನು ದಡ ಹಿಡ್ಕೊಂಡು ಈಜಬಾರದು."

ಬುಟ್ಟಿಯೂ ಖಾಲಿಯಾಯಿತು. ಕೋಣೆಯ ಬೀರುವಿನಲ್ಲಿದ್ದ ಇನ್ನೊಂದು ಡಿಸ್ಕನ್ನು ಹೊಸ ಪ್ರತಿ ಬರೆಯುವುದಕ್ಕೆಂದು ಹಿಂದಿನ ದಿನವೇ ಜೋಪಾನಯ್ಯನವರು ತಮ್ಮ ಕೈಯಾರೆ ಒರೆಸಿಟ್ಟಿದ್ದರು. ಈಗ ಜಗತ್ತಿನಲ್ಲಿ ಆ ನಕ್ಷೆ ಇದ್ದದ್ದು ಒಂದೇ ಕಡೆ. ಪರದೆಯ ಮೇಲೆ ಸಿಸ್ಟಮ್ಮು ವಿನಯದಿಂದ ಬರೆಯಿತು: 'ಈ ಕಡತ ಆಫ್‌ಲೈನ್ ಪ್ರತಿಯಲ್ಲಿದೆ. ದಯವಿಟ್ಟು ಎರಡನೇ ಡಿಸ್ಕ್ ಜೋಡಿಸಿ.'

ಜೋಪಾನಯ್ಯನವರು ಕೈತೊಳೆದು ಒರೆಸಿಕೊಂಡು ಬಂದರು. ಕೆಂಪು ಗುಂಡಿ ಬಿಚ್ಚಿದರು. ಎರಡು ಬೆರಳು ಒಳಗೆ ಬಿಟ್ಟು, ಬಾವಿಯಿಂದ ಚಂದ್ರನನ್ನೇ ಎತ್ತುವವರ ಹಾಗೆ ನಿಧಾನವಾಗಿ ಎತ್ತಿದರು.

ಮರದ ತುಂಡು.

ಟೈ ಕಟ್ಟಿದವರು ಮುಂದೆ ಬಾಗಿ ನೋಡಿ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದರು. "ಇದಕ್ಕೆ ವೈರು ಎಲ್ಲಿ ಸಿಕ್ಕಿಸ್ತೀರಿ ಸಾರ್?"

ಜೋಪಾನಯ್ಯನವರು ಮನೆಗೆ ಫೋನು ಮಾಡಿದರು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಲೇ, ಆ ಕೆಂಪು ಗುಂಡಿ..."

"ಹೂಂ, ಯಾಕೆ, ಕಿತ್ತು ಬಂತಾ? ಬಿಗಿಯಾಗೇ ಹಾಕಿದ್ದೆನಲ್ಲ."

"ಹಾಕಿದ್ದೆ ಅಂದ್ರೆ? ಯಾವಾಗ ಹಾಕಿದ್ದೆ?"

"ಮೂರು ವಾರದ ಹಿಂದೆ. ಆಚೆಮನೆ ದಾದಿಯ ಕೋಟಿಗೆ ಒಂದು ಕೆಂಪು ಗುಂಡಿ ಕಡಿಮೆ ಬಿತ್ತು. ಅವಳು ಬಾಗಿಲಲ್ಲೇ ನಿಂತಿದ್ಲು. ನಿಮ್ಮ ಚೀಲದ್ದು ಕಿತ್ತು ಅದಕ್ಕೆ ಹಾಕಿ, ಚೀಲಕ್ಕೆ ಬಿಳೀದು ಹಾಕಿದೆ. ಆಮೇಲೆ ಅಂಗಡಿಯಿಂದ ಕೆಂಪು ತಂದಾಗ ನೆನಪಾಯ್ತು, ಪಾಪ ಚಂದಕ್ಕೆ ಅಂತ ಹಾಕಿಸಿಕೊಂಡಿದ್ರಲ್ಲ ಅಂತ, ಕೈಗೆ ಸಿಕ್ಕಿದ ಚೀಲಕ್ಕೆ ಹಾಕಿ ಬೀರುವಲ್ಲಿಟ್ಟೆ."

ಜೋಪಾನಯ್ಯನವರು ಕುರ್ಚಿಗಾಗಿ ಹಿಂದೆ ಕೈಚಾಚಿದರು. ಕುರ್ಚಿಗಳು ಇನ್ನೂ ಬಂದಿರಲಿಲ್ಲ.

"ಮಿಕ್ಕ ಮೂರು ಚೀಲ ಎಲ್ಲಿವೆ?"

"ಒಂದು ನನ್ನ ಮೆಷೀನಿನ ಮೋಟು ಕಾಲಿನ ಕೆಳಗೆ."

"ಮೆಷೀನು ಓಡ್ತಾ ಇದೆಯಾ?"

"ಓಡದೆ ಹೊಲಿಗೆ ಬರುತ್ತೇನ್ರೀ? ಇನ್ನೊಂದು ಅಟ್ಟದ ಮೇಲಿದೆ. ಮತ್ತೊಂದು ಅತ್ತೆ ತಲೆ ಕೆಳಗಿದೆ."

ಹೂವಿನಂಥ ಜೀವ! ಜೋಪಾನಯ್ಯನವರಿಗೆ ಮೆಷೀನಿನ ಟಕಟಕ ಸದ್ದು ಫೋನಿನಲ್ಲೇ ಕೇಳಿದಂತಾಯಿತು. "ಮೂರನ್ನೂ ತಗೊಂಡು ಬಾ. ಬಿಚ್ಚಬೇಡ, ಅಲ್ಲಾಡಿಸಬೇಡ, ಓಡಬೇಡ. ಬೇಗ ಬಾ."

"ಓಡದೆ ಬೇಗ ಹೇಗೆ ಬರ್ಲಿ?" ಎಂದು ಕೇಳಿ ಹೆಂಡತಿ ಫೋನಿಟ್ಟರು.

ಮ್ಯಾನೇಜರಮ್ಮ ಒಳ್ಳೆಯವರು. ಕಚೇರಿ ಮುಚ್ಚುವವರೆಗೆ ಕಾಯುತ್ತೇನೆ ಎಂದರು. ಟೈ ಕಟ್ಟಿದವರು ಮಾತ್ರ ಟೇಪು ತೆಗೆದು, ಸುಮ್ಮನೆ ಇರಲಿ ಎಂಬಂತೆ, ಕೋಣೆಯ ಉದ್ದ ಅಗಲ ಅಳೆಯತೊಡಗಿದರು. ಜೋಪಾನಯ್ಯನವರು ಮರದ ತುಂಡನ್ನು ಕೈಯಲ್ಲಿ ಹಿಡಿದುಕೊಂಡು, ಮೇಜಿನಂಚಿಗೆ ಒರಗಿ, ಆ ಟೇಪು ಚಾಚಿ ಮುದುಡುವುದನ್ನೇ ನೋಡುತ್ತಾ ನಿಂತರು.

ಕೊನೆಗೆ ಕೆಳಗಿನಿಂದ ಪರಿಚಯದ ಸ್ವರ ಕೇಳಿಸಿತು. ಒಂದಲ್ಲ, ಎರಡು. ಹೆಂಡತಿ ಮೂರು ಚೀಲ ತಂದಿದ್ದರು, ಚೀಲದ ಜೊತೆ ತಾಯಿಯೂ ಬಂದಿದ್ದರು. "ನನ್ನ ದಿಂಬು ಎಲ್ಲಿಗೆ ಹೋಗುತ್ತೋ ನಾನೂ ಅಲ್ಲಿಗೇ" ಎಂದು ಹಟ ಹಿಡಿದರಂತೆ. ತಾಯಿಗೆ ಮೆಟ್ಟಿಲು ಹತ್ತಲಾಗದು. ಇಬ್ಬರೂ ಲಿಫ್ಟು ಹತ್ತಿದರು.

"ಲಿಫ್ಟ್ ಬೇಡ!" ಎಂದು ಜೋಪಾನಯ್ಯನವರು ಕೂಗುವಷ್ಟರಲ್ಲಿ ಲಿಫ್ಟು ಹೊರಟಾಗಿತ್ತು. ಏದುಸಿರು ಬಿಡುತ್ತ ಮಹಡಿಗಳನ್ನು ಏರಿ, ಕೊನೆಯ ಮಹಡಿಗೆ ಆಳೆತ್ತರ ಬಾಕಿ ಇರುವಾಗ ಒಮ್ಮೆ ನರಳಿ ನಿಂತುಬಿಟ್ಟಿತು.

ಮೆಕ್ಯಾನಿಕ್ ಓಡಿ ಬಂದರು. ಊರಿನ ಲಿಫ್ಟುಗಳೆಲ್ಲ ಅವರ ಮಾತು ಕೇಳುತ್ತಿದ್ದವು. "ಬ್ರೇಕ್ ಬಿಡಿಸಿ ಕೈಯಲ್ಲೇ ಮೇಲೆತ್ತಬಹುದು. ಎರಡು ನಿಮಿಷದ ಕೆಲಸ. ಈ ಮುದುಕಪ್ಪನ ನಕ್ಷೆ ಒಂದು ಕೊಡಿ. ಇದರ ತಂತಿಗಳು ಬೇರೆ ಥರ. ನಕ್ಷೆ ನೋಡದೆ ನಾನು ಕೈ ಹಾಕಲ್ಲ, ಒಳಗೆ ಜನ ಇದ್ದಾರೆ."

ಎಲ್ಲರೂ ಜೋಪಾನಯ್ಯನವರ ಮುಖ ನೋಡಿದರು.

ಲಿಫ್ಟು ಬಿಡಿಸಲು ನಕ್ಷೆ ಬೇಕು. ನಕ್ಷೆ ಡಿಸ್ಕಿನಲ್ಲಿದೆ. ಡಿಸ್ಕು ಲಿಫ್ಟಿನಲ್ಲಿದೆ.

ಜೋಪಾನಯ್ಯನವರು ಇಸ್ತ್ರಿ ಮಾಡಿದ ಅಂಗಿಯ ಸಮೇತ ನೆಲದ ಮೇಲೆ ಬೋರಲು ಮಲಗಿ ಜಾಲರಿಯೊಳಗೆ ಇಣುಕಿದರು. ಕೆಳಗೆ ತಾಯಿ ಲಿಫ್ಟಿನ ಸ್ಟೂಲಿನ ಮೇಲೆ ಸಿಂಹಾಸನವೇರಿದವರಂತೆ ಕುಳಿತಿದ್ದರು. ಹೆಂಡತಿ ಮೂರು ಚೀಲಗಳನ್ನು ಅಪ್ಪಿಕೊಂಡು ತಲೆಯೆತ್ತಿದರು.

"ಅಲ್ಲೇನು ಮಲಗಿದ್ದೀರಿ?"

"ಚೀಲಗಳನ್ನ ಜಾಲರಿಯ ಸಂದಿಯಿಂದ ಕೊಡು."

ಹೆಂಡತಿ ಕೊಟ್ಟು ನೋಡಿದರು. ಹತ್ತಿ ತುಂಬಿದ ಚೀಲ ಸಂದಿಯಲ್ಲಿ ತೂರಲಿಲ್ಲ. "ಅಷ್ಟು ದಪ್ಪ ಹತ್ತಿ ಬೇಡ ಅಂದ್ರೆ ಕೇಳಲಿಲ್ಲ ನೀವು."

"ಹಾಗಾದ್ರೆ ಬಿಚ್ಚಿ ಒಳಗಿರೋದನ್ನ ಕೊಡು."

"ಬಿಚ್ಚಬಾರದು ಅಂದಿದ್ರಲ್ಲ. ದೂಳು ಹೋಗುತ್ತಲ್ಲ."

"ಬಿಚ್ಚು ಮಹರಾಯ್ತಿ."

"ಮುಟ್ಟಬಾರದು ಅಂದಿದ್ರಿ. ಬೆವರು ತಾಗುತ್ತೆ ಅಂತ. ಈಗ ಒಳಗೆ ಎಷ್ಟು ಸೆಕೆ ಗೊತ್ತಾ? ಕೈ ಮುಖ ಎಲ್ಲಾ ಬೆವರೇ."

ಜೋಪಾನಯ್ಯನವರು ಹಣೆಯನ್ನು ನೆಲಕ್ಕೆ ಒತ್ತಿದರು. "ನಾನು ಹೇಳಿದ್ದನ್ನೆಲ್ಲ ವಾಪಸ್ ತಗೊಂಡಿದ್ದೀನಿ. ಬಿಚ್ಚು."

"ಎಲ್ರೂ ಕೇಳಿಸ್ಕೊಂಡ್ರಾ?" ಎಂದು ಹೆಂಡತಿ ಮೇಲಿದ್ದವರನ್ನು ವಿಚಾರಿಸಿ, ಒಂದು ಚೀಲಕ್ಕೆ ಕೈಹಾಕಿದರು. ತಾಯಿ ತಟ್ಟನೆ ಆ ಕೈ ಹಿಡಿದರು.

"ಅದು ಬೇಡ, ಮರ. ಆ ಇನ್ನೊಂದೂ ಮರ. ಇದು ನನ್ನದು, ಇದರಲ್ಲಿದೆ ಅವನ ಸಾಮಾನು."

"ನಿಮಗೆ ಹೇಗೆ ಗೊತ್ತು ಅತ್ತೆ?"

"ನಾಲ್ಕನ್ನೂ ಒಂದೊಂದು ರಾತ್ರಿ ಕತ್ತಿನ ಕೆಳಗಿಟ್ಟು ನೋಡಿದ್ದೀನಿ. ಮೂರು ಚುಚ್ಚಿದವು. ಇದರ ಮೂಲೆ ಗುಂಡಗಿದೆ. ಎರಡು ವಾರದಿಂದ ಕತ್ತುನೋವೇ ಇಲ್ಲ." ಆಮೇಲೆ ತಲೆಯೆತ್ತಿ, ಜಾಲರಿಯಲ್ಲಿ ಕಾಣುತ್ತಿದ್ದ ಮಗನ ಮೂಗಿಗೆ ಹೇಳಿದರು. "ಕೊಡ್ತೀನಿ ಮಗಾ. ಆದ್ರೆ ವಾಪಸ್ ಕೊಡ್ಬೇಕು."

ಕಂಪನಿಯ ಸಮಸ್ತ ದಾಖಲೆ ಸಂದಿಯಿಂದ ಮೇಲೆ ಬಂತು. ಜೋಪಾನಯ್ಯನವರು ಅಂಗಿಯ ತೋಳಿನಲ್ಲಿ ಒರೆಸುತ್ತಾ ಕೋಣೆಗೆ ಓಡಿದರು. ಜೀವನದಲ್ಲಿ ಮೊದಲ ಸಲ ಡಿಸ್ಕು ಹಿಡಿದು ಓಡಿದರು. ವೈರು ಸಿಕ್ಕಿಸುವಾಗ ಟೈ ಕಟ್ಟಿದವರು ಮೂಗರಳಿಸಿದರು. "ತಲೆಗೆ ಹಚ್ಚೋ ಎಣ್ಣೆ ವಾಸನೆ ಬರ್ತಿದೆಯಲ್ಲ?"

"ಅದು ಸಂರಕ್ಷಣೆಗೆ" ಎಂದರು ಮ್ಯಾನೇಜರಮ್ಮ, ಮುಖ ಸಡಿಲಿಸದೆ.

ಪರದೆಯ ಮೇಲೆ ಸಣ್ಣದೊಂದು ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಜೋಪಾನಯ್ಯನವರು ಅದನ್ನು ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತರು. ಮೂಲೆಯ ಬೀರು, ಅದರ ಮೇಲಿನ ಫ್ಯಾನು, ಕಿಟಕಿಯಲ್ಲಿ ತಾವೇ ಅಂಟಿಸಿದ್ದ 'ಜೋಪಾನ' ಎಂಬ ಚೀಟಿ. ಅಷ್ಟರಲ್ಲಿ ಹಿಂದಿನಿಂದ ಮೆಕ್ಯಾನಿಕ್ಕಿನ ದನಿ ಬಂತು. "ಆಹಾ, ಬಂದ ನೋಡಿ ಮುದುಕಪ್ಪ. ನೀಲಿ ತಂತಿ. ಅದನ್ನೇ ಅಂದ್ಕೊಂಡಿದ್ದೆ."

ಲಿಫ್ಟು ಕುಲುಕುತ್ತಾ ಮೇಲೆ ಬಂತು. ಜಾಲರಿ ಸರಿಯಿತು. ಹೆಂಡತಿ ಹೊರಗೆ ಬಂದವರೇ ಜೋಪಾನಯ್ಯನವರ ಎದೆಯ ಮೇಲಿನ ದೂಳು ಕೊಡವುತ್ತಾ, ಅವರಿಗಷ್ಟೇ ಕೇಳುವಂತೆ ಅಂದರು. "ಕೆಂಪು ಗುಂಡಿ ಅಂದ್ರೆ ಅಸಲಿ ಅಂತ ಒಂದು ಮಾತು ಹೇಳಿದ್ರೆ ನಾನೇನು ಕಳ್ಳರಿಗೆ ಹೇಳ್ತಿದ್ನಾ?"

ಜೋಪಾನಯ್ಯನವರು ಅವರ ಕಂಕುಳಲ್ಲಿದ್ದ ಚೀಲಗಳನ್ನು ಇಸಿದುಕೊಂಡರು.

ಮ್ಯಾನೇಜರಮ್ಮ ಕಂಪ್ಯೂಟರಿನ ಮುಂದೆ ಕೂತರು. "ಕೋಣೆ ನಿಮ್ಮದೇ. ಆದ್ರೆ ಹೊರಗಿನ ಪ್ರತಿ ನಿಮ್ಮ ಜವಾಬ್ದಾರಿ ಅಲ್ಲ ಇನ್ನು" ಎನ್ನುತ್ತಾ 'ಪ್ರತಿ ಇಟ್ಟ ಸ್ಥಳ'ದಲ್ಲಿದ್ದ 'ಗೌಪ್ಯ'ವನ್ನು ಅಳಿಸಿದರು. ಅಲ್ಲಿ ಬರೆದರು: 'ತಾಯಿಯವರ ತಲೆಯ ಕೆಳಗೆ.'

ತಾಯಿ ತಲೆಯಾಡಿಸಿ, ಚೀಲ ಕೊಡಿ ಎಂದು ಕೈ ನೀಡಿದರು.

ಅದೇ ವಾರ ಹೆಂಡತಿ ನಾಲ್ಕು ಚೀಲಕ್ಕೂ ಕೆಂಪು ಗುಂಡಿ ಹಾಕಿದರು, ಗುಂಡಿ ನೋಡಿ ಯಾರೂ ಇನ್ನು ಮೋಸ ಹೋಗುವುದು ಬೇಡವೆಂದು. ಮುಂದೆ ಬಹಳ ವರ್ಷ ತಿಂಗಳಿಗೊಮ್ಮೆ ಡಿಸ್ಕು ಬದಲಾಯಿತು, ಸ್ಥಳ ಬದಲಾಗಲಿಲ್ಲ. ತಾಯಿ ತೀರಿಕೊಂಡ ಮೇಲೆ ಚೀಲವನ್ನು ಜೋಪಾನಯ್ಯನವರು ತಮ್ಮ ತಲೆಯ ಕೆಳಗಿಟ್ಟುಕೊಂಡರು. ಸಿಸ್ಟಮ್ಮಿನ ಖಾನೆಯನ್ನು ತಿದ್ದಲು ಅವರಿಗೆ ಮನಸ್ಸು ಬರಲಿಲ್ಲ, ಬೇರೆ ಯಾರೂ ತಿದ್ದಲಿಲ್ಲ.

ಹೋದ ತಿಂಗಳು ಜೋಪಾನಯ್ಯನವರು ಹೋದರು. ಎಲ್ಲರಿಗೂ ಜೋಪಾನ ಹೇಳುತ್ತಿದ್ದವರಿಗೆ ತಿರುಗಿ ಆ ಮಾತು ಹೇಳಬೇಕೆಂದು ಅದೇ ಕಚೇರಿಯಲ್ಲಿ ಅಷ್ಟು ವರ್ಷ ಕೂತಿದ್ದ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಡಿಸ್ಕು ಇನ್ನೂ ಅವರ ಮನೆಯಲ್ಲಿತ್ತು. ತರಲು ನಾನೇ ಹೋದೆ.

ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಅತ್ತಿಗೆ ನಾಲ್ಕೂ ಚೀಲಗಳನ್ನು ತಂದು ಹೊಲಿಗೆ ಮೇಜಿನ ಮೇಲಿಟ್ಟರು. ನಾಲ್ಕಕ್ಕೂ ಕೆಂಪು ಗುಂಡಿ.

"ಯಾವುದು ಅತ್ತಿಗೆ?"

"ತಾಳಿ, ಅತ್ತೆ ಹೇಳಿಕೊಟ್ಟಿದ್ದಾರೆ." ಕೂತಲ್ಲೇ ಬಾಗಿ ಒಂದರ ಮೇಲೆ ಕೆನ್ನೆಯಿಟ್ಟು ನೋಡಿದರು, ಅಲ್ಲ ಎಂದರು. ಎರಡನೆಯದನ್ನೂ ಅಲ್ಲ ಎಂದರು. ಮೂರನೆಯದರ ಮೇಲೆ ತಲೆಯಿಟ್ಟವರು ಸ್ವಲ್ಪ ಹೊತ್ತು ಏಳಲಿಲ್ಲ. ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಆಮೇಲೆ ಅವರು ಎದ್ದು, ಕಣ್ಣೊರೆಸಿಕೊಂಡು, ನಾಲ್ಕನೆಯದನ್ನು ನನ್ನ ಕೈಗಿತ್ತರು. "ಇದೇ. ಜೋಪಾನ."

ಎದೆಗವಚಿಕೊಂಡು ಬಸ್ಸಿನಲ್ಲಿ ತಂದೆ. ಕೈತೊಳೆದು ಬಿಚ್ಚಿದೆ. ಮರದ ತುಂಡು.

ಫೋನು ಮಾಡಿದೆ. "ಗೊತ್ತಾಗಲಿಲ್ವಾ ಅತ್ತಿಗೆ?"

"ಗೊತ್ತಾಯ್ತು. ಅದಕ್ಕೇ ಅದನ್ನ ಕೊಟ್ಟೆ" ಎಂದರು. "ಇನ್ನೂ ಸ್ವಲ್ಪ ದಿನ ಇಲ್ಲೇ ಇರ್ಲಿ. ಅವರ ತಲೆ ಎಣ್ಣೆ ವಾಸನೆ ಇದೆ ಅದಕ್ಕೆ."

ಕಳ್ಳರನ್ನು ಏಮಾರಿಸಲೆಂದು ಜೋಪಾನಯ್ಯನವರು ಬಡಗಿಯ ಬಳಿ ಮಾಡಿಸಿದ ಮರದ ತುಂಡು ಇಷ್ಟು ವರ್ಷದಲ್ಲಿ ಏಮಾರಿಸಿದ್ದು ಅವರೊಬ್ಬರನ್ನೇ. ಈಗ ಅದಕ್ಕೆ ಒಬ್ಬ ಕಳ್ಳನೂ ಸಿಕ್ಕಿದ, ನಾನು. ತುಂಡು ನನ್ನ ಮೇಜಿನ ಮೇಲೇ ಇದೆ. ಮೂಲೆಗಳು ನಿಜವಾಗಿಯೂ ಚುಚ್ಚುತ್ತವೆ.